ಮೊದಲು ಸಿಗ್ನಲ್, ಆಮೇಲೆ ಕ್ಯಾಮೆರಾ: ಮಲೆನಾಡಿನ ಮನೆಗೆ ಫೋನ್ ಹೊಂದಿಸಿಕೊಂಡ ನನ್ನ ಅನುಭವ

ಫೋನ್ ಹುಚ್ಚು ನನಗೆ ಹಳೆಯದು. ಯಾವ ಪ್ರೊಸೆಸರ್ ಬಂತು, ಯಾರು ಎಷ್ಟು ವಾಟ್ ಚಾರ್ಜರ್ ಕೊಟ್ಟರು, ಬ್ಯಾಟರಿ 7,000 ಎಂಎಎಚ್ ದಾಟಿತಾ ಅಂತ ದಿನಾ ನೋಡುತ್ತಿರುತ್ತೇನೆ. ಆದರೆ ನಮ್ಮ ಮನೆ ಇರುವುದು ಹೊಸನಗರ ತಾಲ್ಲೂಕಿನಲ್ಲಿ, ನಗರ ಅನ್ನುವ ಊರಿನ ಕಡೆ. ಮೂರು ದಿಕ್ಕಿಗೆ ಗುಡ್ಡ, ಮುಂದೆ ಅಡಿಕೆ ತೋಟ. ಶಿವಮೊಗ್ಗದ ದುರ್ಗಿಗುಡಿಯಲ್ಲಿ 5ಜಿ ಓಡಿಸುವ ಫೋನು ನಮ್ಮ ಜಗುಲಿಗೆ ಬಂದರೆ ಬರೀ ಟಾರ್ಚು, ಅಲಾರಂ. ಮಾತಾಡಬೇಕೆಂದರೆ ಅಂಗಳದ ತುದಿಗೆ ಹೋಗಬೇಕಿತ್ತು. ಆಷಾಢದ ಮಳೆಯಲ್ಲಿ ಅದೂ ಕಷ್ಟ.

ಊರಿನವರು ಇದಕ್ಕೆ ಕಂಡುಕೊಂಡ ಪರಿಹಾರ ಹೊಸ ಫೋನ್ ಕೊಳ್ಳುವುದು. ಹದಿನೈದು ಸಾವಿರದ್ದು ಸರಿಯಿಲ್ಲ, ಮೂವತ್ತು ಸಾವಿರದ್ದು ತಗೊಂಡರೆ ಸಿಗ್ನಲ್ ಬರುತ್ತದೆ ಅನ್ನುವ ನಂಬಿಕೆ. ಬೆಲೆಗೂ ಸಿಗ್ನಲ್ಲಿಗೂ ಅಷ್ಟು ನಂಟಿಲ್ಲ. ನಂಟು ಇರುವುದು ಬ್ಯಾಂಡಿಗೆ, ಅಂದರೆ ಟವರ್ ಮತ್ತು ಫೋನ್ ಮಾತಾಡಲು ಬಳಸುವ ರೇಡಿಯೋ ಅಲೆಯ ಪಟ್ಟಿಗೆ.

ಎಲ್ಲಕ್ಕಿಂತ ಮೊದಲು ನಾನು ಮಾಡಿದ್ದು ಅಳತೆ. ಪರದೆಯ ಮೇಲಿನ ಕಡ್ಡಿಗಳನ್ನು ನಂಬಲೇಬೇಡಿ. ಎಷ್ಟು ಸಿಗ್ನಲ್ಲಿಗೆ ಎಷ್ಟು ಕಡ್ಡಿ ಅನ್ನುವುದನ್ನು ಒಂದೊಂದು ಕಂಪನಿ ಒಂದೊಂದು ರೀತಿ ಇಟ್ಟುಕೊಂಡಿದೆ. ನೋಡಬೇಕಾದ್ದು ಸಿಗ್ನಲ್ಲಿನ ಬಲ ಹೇಳುವ ಡಿಬಿಎಂ ಎಂಬ ಸಂಖ್ಯೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ತೆರೆದರೆ ಸಿಗುತ್ತದೆ. ಬಹಳಷ್ಟು ಫೋನುಗಳಲ್ಲಿ *#*#4636#*#* ಒತ್ತಿದರೂ ಬರುತ್ತದೆ. ಐಫೋನಿನಲ್ಲಿ *3001#12345#* ಡಯಲ್ ಮಾಡಬೇಕು. ಸಂಖ್ಯೆ ಮೈನಸ್‌ನಲ್ಲಿ ಇರುತ್ತದೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 85 ಇದ್ದರೆ ಸೊಗಸು. ಮೈನಸ್ 105ರವರೆಗೂ ಕೆಲಸ ನಡೆಯುತ್ತದೆ. 115 ದಾಟಿದರೆ ಮಾತು ತುಂಡು ತುಂಡು. 120 ದಾಟಿದ ಮೇಲೆ ಆಸೆ ಬಿಡಿ. ಪ್ರತಿ 3 ಡಿಬಿ ವ್ಯತ್ಯಾಸಕ್ಕೆ ಸಿಗ್ನಲ್ಲಿನ ಬಲ ಎರಡು ಪಟ್ಟಾಗುತ್ತದೆ ಅಥವಾ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಐದಾರು ಡಿಬಿ ಸಣ್ಣ ಮಾತಲ್ಲ.

ನೆಟ್‌ಮಾನ್‌ಸ್ಟರ್ ಅನ್ನುವ ಆ್ಯಪ್ ಹಾಕಿಕೊಂಡು ಮನೆಯ ಸುತ್ತ ತಿರುಗಿದೆ. ಯಾವ ಟವರ್ ಸೆಲ್, ಯಾವ ಬ್ಯಾಂಡ್, ಎಷ್ಟು ಡಿಬಿಎಂ, ಎಲ್ಲ ಒಂದೇ ಕಡೆ ತೋರಿಸುತ್ತದೆ. ಅಡುಗೆಮನೆಯಲ್ಲಿ ಏನೂ ಇಲ್ಲ. ಜಗುಲಿಯಲ್ಲಿ ಮೈನಸ್ 118. ಕೊಟ್ಟಿಗೆ ಹಿಂದೆ 112. ಅಟ್ಟ ಹತ್ತಿ, ಹಂಚಿನ ಕೆಳಗೆ ಪೂರ್ವದ ಮೂಲೆಯಲ್ಲಿ ಫೋನ್ ಹಿಡಿದರೆ 104! ಅಡಿಕೆ ಮೂಟೆ ಇಡುವ ಜಾಗ ಅದು, ಅಲ್ಲಿ ಯಾರೂ ಫೋನ್ ಮಾಡಿ ನೋಡಿರಲಿಲ್ಲ. ಟವರ್ ಯಾವ ದಿಕ್ಕಿನಲ್ಲಿದೆ ಅಂತ ತಿಳಿಯಲು ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಜಾಲತಾಣ ಇದೆ. ನಮ್ಮ ಜಾಗ ಕೊಟ್ಟರೆ ಸುತ್ತಲಿನ ಟವರುಗಳನ್ನು ನಕ್ಷೆಯಲ್ಲಿ ತೋರಿಸುತ್ತದೆ.

ಈಗ ಬ್ಯಾಂಡಿನ ವಿಷಯ. 4ಜಿ ಅಂದರೆ ಒಂದೇ ಅಲ್ಲ. ಜಿಯೋದವರು 850 ಮೆಗಾಹರ್ಟ್ಸ್‌ನ ಬ್ಯಾಂಡ್ 5, 1800ರ ಬ್ಯಾಂಡ್ 3, 2300ರ ಬ್ಯಾಂಡ್ 40 ಬಳಸುತ್ತಾರೆ. ಏರ್‌ಟೆಲ್‌ನವರಲ್ಲಿ 900ರ ಬ್ಯಾಂಡ್ 8 ಕೂಡ ಇದೆ. ಬಿಎಸ್ಎನ್ಎಲ್ ತನ್ನ 4ಜಿಗೆ 700 ಮೆಗಾಹರ್ಟ್ಸ್‌ನ ಬ್ಯಾಂಡ್ 28 ಮತ್ತು 2100ರ ಬ್ಯಾಂಡ್ 1 ಇಟ್ಟುಕೊಂಡಿದೆ. ಮೆಗಾಹರ್ಟ್ಸ್ ಸಂಖ್ಯೆ ಕಡಿಮೆ ಆದಷ್ಟೂ ಅಲೆ ದೂರ ಹೋಗುತ್ತದೆ, ಗುಡ್ಡದ ಅಂಚಿಗೆ ಸ್ವಲ್ಪ ಬಾಗುತ್ತದೆ, ಮರಗಳ ನಡುವೆ ನುಸುಳುತ್ತದೆ. 2300 ಪೇಟೆಯಲ್ಲಿ ಸ್ಪೀಡು ಕೊಡುತ್ತದೆ, ಆದರೆ ನಮ್ಮ ಕಾಡಿನೊಳಗೆ ಬೇಗ ಸೋಲುತ್ತದೆ. ಮಳೆ ಬಂದರೆ ಸಿಗ್ನಲ್ ಹೋಗುತ್ತೆ ಅಂತಾರಲ್ಲ, ಈ ಬ್ಯಾಂಡುಗಳಿಗೆ ಮಳೆ ಹನಿಯಿಂದ ಹೆಚ್ಚೇನೂ ಆಗುವುದಿಲ್ಲ. ತೊಪ್ಪೆಯಾದ ಎಲೆಗಳು ಹೀರಿಕೊಳ್ಳುತ್ತವೆ. ಅದಕ್ಕಿಂತ ದೊಡ್ಡ ಕಾರಣ ಟವರಿಗೇ ಕರೆಂಟ್ ಇಲ್ಲದಿರುವುದು.

ಆದ್ದರಿಂದ ಫೋನ್ ಕೊಳ್ಳುವಾಗ ನಾನು ಮೊದಲು ನೋಡುವುದು ಕಂಪನಿಯ ಜಾಲತಾಣದಲ್ಲಿರುವ ಬ್ಯಾಂಡ್ ಪಟ್ಟಿ. ಬಿ5, ಬಿ8, ಬಿ28 ಮೂರೂ ಇರಬೇಕು. ಹಳೆಯ ಫೋನುಗಳಲ್ಲಿ, ಕೆಲವು ಅಗ್ಗದ ಫೋನುಗಳಲ್ಲಿ ಬಿ28 ಇರುವುದಿಲ್ಲ. ಅಂಥ ಫೋನಿಗೆ ಬಿಎಸ್ಎನ್ಎಲ್ ಸಿಮ್ ಹಾಕಿ ಟವರ್ ಎದುರೇ ನಿಂತರೂ ಆ ಬ್ಯಾಂಡಿನ 4ಜಿ ಸಿಗದು. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಮಾತ್ರ ಹೇಳುತ್ತಾರೆ. ಎರಡನೆಯದು ವೈಫೈ ಕಾಲಿಂಗ್, ಅಂದರೆ ವೈಫೈ ಮೂಲಕ ಮಾಮೂಲಿ ಕರೆ ಮಾಡುವ ಸೌಲಭ್ಯ. ವಿದೇಶದಿಂದ ನೆಂಟರು ತಂದುಕೊಟ್ಟ ಫೋನುಗಳಲ್ಲಿ ಇಲ್ಲಿನ ಸಿಮ್ಮಿಗೆ ಆ ಸೌಲಭ್ಯ ಒಮ್ಮೊಮ್ಮೆ ಕೆಲಸ ಮಾಡುವುದಿಲ್ಲ, ಕೇಳಿಕೊಂಡೇ ತರಿಸಿ.

ಇನ್ನೊಂದು ಸೆಟ್ಟಿಂಗ್ ಹೇಳಿಬಿಡುತ್ತೇನೆ. ಕೇಂದ್ರ ಸರ್ಕಾರದ ಡಿಜಿಟಲ್ ಭಾರತ್ ನಿಧಿಯ ಹಣದಿಂದ ಹಳ್ಳಿಗಳಲ್ಲಿ ಕಟ್ಟಿದ 4ಜಿ ಟವರುಗಳನ್ನು ಬೇರೆ ಕಂಪನಿಯ ಸಿಮ್ ಇದ್ದವರೂ ಬಳಸಲು 2025ರ ಜನವರಿಯಲ್ಲಿ ಅವಕಾಶ ಮಾಡಿದರು. ರೋಮಿಂಗ್ ಆಫ್ ಮಾಡಿಟ್ಟುಕೊಂಡವರು ಆನ್ ಮಾಡಿ ನೋಡಿ. ನಮ್ಮ ಮನೆಗೆ ಅದರಿಂದ ಲಾಭ ಆಗಲಿಲ್ಲ, ನೆಂಟರ ಊರಲ್ಲಿ ಆಯಿತು.

ಅಳತೆ ಮುಗಿದ ಮೇಲೆ ಬೂಸ್ಟರ್ ಹಾಕಿಸು ಅಂತ ಸಲಹೆ ಕೊಟ್ಟವರೇ ಜಾಸ್ತಿ. ಆನ್‌ಲೈನಿನಲ್ಲಿ ಸಿಗುತ್ತದೆ, ನಿಜ. ಆದರೆ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮೊಬೈಲ್ ಸಿಗ್ನಲ್ ಬೂಸ್ಟರ್ ಇಡುವುದು ನಮ್ಮ ದೇಶದಲ್ಲಿ ಅಪರಾಧ. ಅದು ಟವರಿಗೇ ಗದ್ದಲ ಕಳಿಸಿ ಸುತ್ತಲಿನವರ ಸಿಗ್ನಲ್ಲನ್ನೂ ಕೆಡಿಸುತ್ತದೆ. ಪಕ್ಕದ ಮನೆಯವರ ಜೊತೆ ಬೇಲಿ ಜಗಳವೇ ಸಾಕು, ಸಿಗ್ನಲ್ ಜಗಳ ಬೇರೆ ಯಾಕೆ?

ನಾನು ಹಿಡಿದ ದಾರಿ ಬೇರೆ. ಸಿಮ್ ಹಾಕುವ 4ಜಿ ರೂಟರ್ ಒಂದು, ಅದಕ್ಕೆ ಹೊರ ಆಂಟೆನಾ ಎರಡು. ರೂಟರ್ ಒಂದು ಫೋನಿನಂತೆಯೇ ಟವರ್ ಜೊತೆ ಮಾತಾಡುತ್ತದೆ, ಮನೆಯೊಳಗೆ ವೈಫೈ ಕೊಡುತ್ತದೆ. ಆ ವೈಫೈ ಮೇಲೆ ಫೋನುಗಳು ಮಾಮೂಲಿ ನಂಬರಿನಿಂದಲೇ ಕರೆ ಮಾಡುತ್ತವೆ. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ವೈಫೈ ಕಾಲಿಂಗ್ ಶುರು ಮಾಡಿದವು. ಇದಕ್ಕೆ ಬೇರೆ ಆ್ಯಪ್ ಬೇಡ, ಎದುರಿನವರಿಗೆ ಇಂಟರ್ನೆಟ್ಟೂ ಬೇಡ. ಒಂದು ಕರೆಗೆ ಸೆಕೆಂಡಿಗೆ 100 ಕಿಲೋಬಿಟ್ ಇದ್ದರೆ ಸಾಕು. ಅಂದರೆ ವಿಡಿಯೋ ಓಡದಷ್ಟು ಸೋತ ಸಂಪರ್ಕದಲ್ಲೂ ಮಾತು ನಡೆಯುತ್ತದೆ.

ರೂಟರ್ ಆರಿಸುವಾಗ ಎರಡು ವಿಷಯ ನೋಡಿದೆ. ಆಂಟೆನಾ ಬಿಚ್ಚಿ ಬೇರೆಯದು ತಿರುಗಿಸಲು ಬರುವ ಎಸ್ಎಂಎ ಜೋಡಣೆ ಇರಬೇಕು. ಬ್ಯಾಂಡ್ ಲಾಕ್ ಮಾಡಲು ಬರಬೇಕು. ಈ ಲಾಕ್ ತುಂಬಾ ಮುಖ್ಯ. ಬಿಟ್ಟರೆ ರೂಟರ್ ಸೋತ ಬ್ಯಾಂಡ್ 40ಕ್ಕೇ ಜೋತು ಬೀಳುತ್ತದೆ. ಬ್ಯಾಂಡ್ 5ಕ್ಕೆ ಕಟ್ಟಿಹಾಕಿದ ಮೇಲೆ ಸ್ಪೀಡ್ ಕಡಿಮೆ, ಆದರೆ ಸಂಪರ್ಕ ತಪ್ಪುವುದಿಲ್ಲ.

ಆಂಟೆನಾ ಎಲ್‌ಪಿಡಿಎ ಅನ್ನುವ ಜಾತಿಯದು, ಹಳೆಯ ಟಿವಿ ಆಂಟೆನಾ ತರಹ ಮೀನಿನ ಮುಳ್ಳಿನ ಆಕಾರ. ದಿಕ್ಕು ಹಿಡಿದು ಕೆಲಸ ಮಾಡುತ್ತದೆ. ಎರಡನ್ನೂ ಒಂದೇ ಕಡೆ ತಿರುಗಿಸಿ, ಒಂದು ಎಡಕ್ಕೆ 45 ಡಿಗ್ರಿ, ಇನ್ನೊಂದು ಬಲಕ್ಕೆ 45 ಡಿಗ್ರಿ ವಾಲಿಸಿ ಕಟ್ಟಬೇಕು. ಟವರಿನ ಆಂಟೆನಾಗಳೂ ಸಾಮಾನ್ಯವಾಗಿ ಹಾಗೆಯೇ ಇರುತ್ತವೆ. ಅಟ್ಟದಲ್ಲಿ ರೀಪಿಗೆ ಕಟ್ಟಿ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋದೆ. ಕೆಳಗಿನಿಂದ ಅಮ್ಮ "ಎಂತ ಮಾಡ್ತಿದ್ದೀಯೋ, ಹಂಚು ಒಡೆದ್ರೆ ಮಳೆಗಾಲದಲ್ಲಿ ಯಾರು ಹೊದೆಸ್ತಾರೆ" ಅಂತ ಕೂಗುತ್ತಲೇ ಇದ್ದರು. ಟವರ್ ಇರುವ ನೇರ ದಿಕ್ಕಿಗಿಂತ, ಎದುರು ಗುಡ್ಡದ ಕಣಿವೆ ಬಾಯಿಯ ಕಡೆಗೆ ತಿರುಗಿಸಿದಾಗ ಸಂಖ್ಯೆ ಏರಿತು. ಮೈನಸ್ 93ಕ್ಕೆ ಬಂದು ನಿಂತಿತು. ನಕ್ಷೆಯಲ್ಲಿ ಗೆರೆ ಎಳೆದು ಅಷ್ಟಕ್ಕೇ ಬಿಟ್ಟಿದ್ದರೆ ಇದು ಸಿಗುತ್ತಿರಲಿಲ್ಲ. ಬೆಟ್ಟದ ಊರಲ್ಲಿ ಅಲೆ ಎಲ್ಲೆಲ್ಲಿ ತಾಗಿ ಬರುತ್ತದೋ ಯಾರಿಗೆ ಗೊತ್ತು, ತಿರುಗಿಸಿಯೇ ನೋಡಬೇಕು.

ಆಂಟೆನಾವನ್ನು ಅಡಿಕೆ ಮರದ ತುದಿಗೆ ಕಟ್ಟಿ, ಉದ್ದ ಕೇಬಲ್ ಮನೆಗೆ ಎಳೆಯುವವರಿದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ. ತೆಳುವಾದ ಆಂಟೆನಾ ಕೇಬಲ್ ಹತ್ತು ಮೀಟರ್ ಎಳೆದರೆ ಆಂಟೆನಾ ಕೊಟ್ಟ ಲಾಭದಲ್ಲಿ ಬಹುಪಾಲು ಕೇಬಲ್ಲೇ ತಿನ್ನುತ್ತದೆ. ಅದರ ಬದಲು ರೂಟರನ್ನೇ ಆಂಟೆನಾ ಪಕ್ಕ ಅಟ್ಟದಲ್ಲಿಟ್ಟೆ. ಅಲ್ಲಿಂದ ಕೆಳಗೆ ಈಥರ್ನೆಟ್ ಕೇಬಲ್ ಬಿಟ್ಟು ಜಗುಲಿಯಲ್ಲಿ ಇನ್ನೊಂದು ಹಳೆಯ ವೈಫೈ ರೂಟರ್ ಹಾಕಿದೆ. ಈಥರ್ನೆಟ್ 100 ಮೀಟರ್‌ವರೆಗೂ ಸಿಗ್ನಲ್ ಕಳೆದುಕೊಳ್ಳದೆ ಓಡುತ್ತದೆ. ಮಣ್ಣಿನ ಗೋಡೆ ದಪ್ಪ ಇರುವ ಮನೆಗೆ ಇದೇ ಸರಿ.

ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಎರಡೂ ರೂಟರುಗಳು 12 ವೋಲ್ಟಿನವು. ಒಂದೊಂದಕ್ಕೂ ಲಿಥಿಯಂ ಸೆಲ್ಲಿನ ಪುಟ್ಟ ಯುಪಿಎಸ್ ಹಾಕಿದ್ದೇನೆ, ಮೂರು ನಾಲ್ಕು ಗಂಟೆ ತಡೆಯುತ್ತದೆ. ಮರ ಬಿದ್ದು ಎರಡು ದಿನ ಲೈನ್ ಹೋದರೆ ಸೋಲಾರ್ ಬ್ಯಾಟರಿಯೇ ಗತಿ. ಪವರ್ ಬ್ಯಾಂಕ್ ಕೊಳ್ಳುವವರಿಗೆ ಒಂದು ಮಾತು: ಹೊರಗೆ 10,000 ಎಂಎಎಚ್ ಅಂತ ಬರೆದಿದ್ದರೂ ಅದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ. 5 ವೋಲ್ಟಿಗೆ ಏರಿಸಿ ಫೋನಿಗೆ ಕೊಡುವಾಗ ಸುಮಾರು 6,000 ಸಿಗುತ್ತದೆ. ರೇಟೆಡ್ ಕೆಪ್ಯಾಸಿಟಿ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅದನ್ನು ಓದಿ ಕೊಳ್ಳಿ.

ಸಿಡಿಲಿಗೆ ಮಾತ್ರ ಹೆದರಲೇಬೇಕು. ಆಂಟೆನಾ ಮಾಡಿನ ಮೇಲೆ ಚಾಚದೆ ಹಂಚಿನ ಕೆಳಗೇ ಇರಲು ಅದೂ ಒಂದು ಕಾರಣ. ಪುಣೆಯ ಐಐಟಿಎಂ ಸಂಸ್ಥೆಯ ದಾಮಿನಿ ಆ್ಯಪ್ ಹತ್ತಿರದಲ್ಲಿ ಸಿಡಿಲು ಬೀಳುತ್ತಿದ್ದರೆ ಎಚ್ಚರಿಸುತ್ತದೆ. ಅದು ಕೂಗಿದ ಕೂಡಲೇ ಅಡಾಪ್ಟರುಗಳನ್ನೂ, ಅಟ್ಟದಿಂದ ಬಂದ ಈಥರ್ನೆಟ್ಟನ್ನೂ ಕಿತ್ತಿಡುವುದು ಮನೆಯಲ್ಲಿ ಎಲ್ಲರಿಗೂ ರೂಢಿ. ಮಾರ್ಚ್, ಏಪ್ರಿಲ್ ತಿಂಗಳ ಗುಡುಗು ಮಳೆಯಲ್ಲಿ ಇದು ಜಾಸ್ತಿ ಬೇಕು. ಮುಂದೆ ಜಡಿಮಳೆ ಹಿಡಿದ ಮೇಲೆ ಸಿಡಿಲು ಕಡಿಮೆ.

ಆಗಿನ ತೊಂದರೆ ತೇವ. ಫೋನಿನ ಟಚ್ ಪರದೆ ಬೆರಳಿನ ವಿದ್ಯುತ್ ಗುಣವನ್ನು ಹಿಡಿಯುವಂಥದ್ದು, ನೀರ ಹನಿಯೂ ಅದಕ್ಕೆ ಬೆರಳೇ. ಒನ್‌ಪ್ಲಸ್ 12 ಬಂದಾಗ ಒದ್ದೆ ಪರದೆಯಲ್ಲೂ ನಡೆಯುವ ಟಚ್ ಕೊಟ್ಟರು, ನಮ್ಮಂಥವರಿಗೆ ಹೇಳಿ ಮಾಡಿಸಿದ ಗುಣ ಅದು. ನೀರು ತಡೆಯುತ್ತದೆ ಅನ್ನುವ ಐಪಿ68 ಗುರುತು ಇದ್ದರೂ ಆ ಪರೀಕ್ಷೆ ಸಿಹಿನೀರಲ್ಲಿ, ಹೊಸ ಫೋನಿಗೆ ಮಾಡಿದ್ದು. ಒಮ್ಮೆ ಬಿದ್ದು ಅಂಚು ಸಡಿಲಾದ ಫೋನಿಗೆ ಆ ಭರವಸೆ ಇಲ್ಲ. ನೀರು ಹೋಗಿ ಕೆಟ್ಟರೆ ವಾರಂಟಿಯೂ ಸಾಮಾನ್ಯವಾಗಿ ಬರುವುದಿಲ್ಲ.

ಚಾರ್ಜಿಂಗ್ ಬಾಯಲ್ಲಿ ತೇವ ಇದೆ ಅಂತ ಫೋನ್ ಹೇಳಿದರೆ ಬಲವಂತ ಮಾಡಬೇಡಿ. ಕರೆಂಟ್ ಹರಿದರೆ ಒಳಗಿನ ಪಿನ್ನು ಹಸಿರುಗಟ್ಟುತ್ತದೆ. ಬಾಯಿ ಕೆಳಗೆ ಮಾಡಿ ತಟ್ಟಿ, ಫ್ಯಾನಿನ ಗಾಳಿಗೆ ಇಡಿ. ನಮ್ಮ ಕಡೆ ಬಚ್ಚಲ ಒಲೆ ಮೇಲೆ ಅಡಿಕೆ ಒಣಗಿಸಿದ ಹಾಗೆ ಫೋನ್ ಒಣಗಿಸುವವರಿದ್ದಾರೆ, ಬ್ಯಾಟರಿ ಉಬ್ಬುತ್ತದೆ. ಅಕ್ಕಿ ಡಬ್ಬಿಯೂ ಬೇಡ, ಅಕ್ಕಿಯ ಪುಡಿ ಒಳಗೆ ಸೇರಿ ಹಾಳಾಗಬಹುದು ಅಂತ ಆಪಲ್ ಕಂಪನಿಯೇ ಹೇಳಿದೆ. ನಾನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಟ್ಟಿದ್ದೇನೆ. ಇಯರ್‌ಬಡ್ಸ್, ಕ್ಯಾಮೆರಾ ಲೆನ್ಸ್, ಕೇಬಲ್ ಎಲ್ಲ ಅದರಲ್ಲೇ. ಚರ್ಮದ ಕವರ್ ಮಳೆಗಾಲಕ್ಕೆ ಬೇಡವೇ ಬೇಡ, ಬೂಷ್ಟು ಹಿಡಿಯುತ್ತದೆ.

ರೂಟರ್, ಆಂಟೆನಾ, ಕೇಬಲ್, ಯುಪಿಎಸ್ ಎಲ್ಲ ಸೇರಿದರೂ ಒಂದು ಸಾಧಾರಣ ಫೋನಿನ ಬೆಲೆ ಆಗಲಿಲ್ಲ. ಅಮ್ಮನ ಹಳೆಯ ಫೋನೇ ಈಗ ಅಡುಗೆಮನೆಯಲ್ಲಿ ರಿಂಗ್ ಆಗುತ್ತದೆ, ಬ್ಯಾಂಕಿನ ಒಟಿಪಿಯೂ ಬರುತ್ತದೆ. ಕೆಳಗಿನ ಮನೆಯವರು ತಮಗೂ ಮಾಡಿಕೊಡು ಅಂದಿದ್ದಾರೆ. ಅವರದು ಹಂಚಿನ ಮಾಡಲ್ಲ, ತಗಡಿನದು. ತಗಡು ಅಲೆಯನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಆಂಟೆನಾ ಸೂರಿನ ಹೊರಗೆ ಕಟ್ಟಬೇಕು, ಅರ್ಥಿಂಗ್ ಗಟ್ಟಿಯಾಗಿ ಮಾಡಿಸಬೇಕು. ಎಲೆಕ್ಟ್ರಿಷಿಯನ್ ಸಿಗುವುದು ಅಡಿಕೆ ಗೊನೆ ಕೊಯ್ಲು ಮುಗಿದ ಮೇಲೇ ಅಂತೆ.