ಎಸಳನ್ನು ಹಿಡಿಯುವವರು ಯಾರು?

'ಹೃದಯ ಬೇಕು, ಆದರೆ ಚಾಕು ಹಾಕಿರಬಾರದು' ಎಂದಾಗ ಹಂದಿಮಾಂಸದ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಒಳಗಿನ ರಕ್ತ ತೊಳೆಯಲು ಅವರು ಹೃದಯವನ್ನು ಮೊದಲೇ ಸೀಳಿಬಿಡುತ್ತಾರೆ. ನನಗೆ ಬೇಕಾಗಿದ್ದದ್ದು ಮಹಾಪಧಮನಿಯ ಬುಡ, ಮೂರು ಎಸಳಿನ ವಾಲ್ವ್ ಸಮೇತ. ಬೆಂಗಳೂರಿನ ನಮ್ಮ ಪುಟ್ಟ ಲ್ಯಾಬ್‌ನಲ್ಲಿ ಆ ಎಸಳುಗಳನ್ನು ಸೀಳುವ ಕ್ಯಾತಿಟರ್ (ರಕ್ತನಾಳದೊಳಗೆ ತೂರಿಸುವ ಸಪೂರ ಕೊಳವೆ) ಉಪಕರಣದ ಮೇಲೆ ಎರಡು ವರ್ಷ ಕೆಲಸ ಮಾಡಿದೆ.

ಸೀಳುವುದೇಕೆ? ವಯಸ್ಸಾದವರ ಕಿರಿದಾದ ವಾಲ್ವ್‌ಗೆ ಈಗ ಎದೆ ತೆರೆಯದೆ, ತೊಡೆಯ ರಕ್ತನಾಳದ ಮೂಲಕ ಹೊಸ ವಾಲ್ವ್ ಕೂರಿಸುತ್ತಾರೆ. ಅದು ಅರಳುವಾಗ ಹಳೆಯ ಎಸಳುಗಳನ್ನು ಗೋಡೆಯ ಕಡೆಗೆ ಒತ್ತುತ್ತದೆ. ಅಪರೂಪಕ್ಕೆ, ಅದರಲ್ಲೂ ಹಿಂದೊಮ್ಮೆ ಪ್ರಾಣಿಗಳ ಅಂಗಾಂಶದಿಂದ ಮಾಡಿದ ಜೈವಿಕ ವಾಲ್ವ್ ಹಾಕಿಸಿಕೊಂಡವರಲ್ಲಿ, ಆ ಎಸಳು ಹೃದಯಕ್ಕೇ ರಕ್ತ ಕೊಡುವ ಕೊರೊನರಿ ನಾಳದ ಬಾಯಿಗೆ ಅಡ್ಡ ನಿಂತುಬಿಡುತ್ತದೆ. ಮೊದಲೇ ಎಸಳನ್ನು ಉದ್ದಕ್ಕೆ ಸೀಳಿದ್ದರೆ ಎರಡು ಹೋಳು ಪರದೆಯಂತೆ ಸರಿದು ನಡುವೆ ರಕ್ತಕ್ಕೆ ದಾರಿ ಬಿಡುತ್ತವೆ. ಅಮೆರಿಕದ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಜಾಫರ್ ಖಾನ್, ರಾಬರ್ಟ್ ಲೆಡರ್ಮನ್ ಮತ್ತು ಜೊತೆಗಾರರು ರೂಪಿಸಿದ ಈ ವಿಧಾನಕ್ಕೆ 'ಬೆಸಿಲಿಕಾ' ಎಂದು ಹೆಸರು. ಮೊದಲ ಏಳು ರೋಗಿಗಳ ವರದಿ 2018ರಲ್ಲಿ ಪ್ರಕಟವಾಯಿತು.

ಓದಿದಾಗ ನನಗೆ ಹಿಡಿಸಿದ್ದು ಅದರ ಒರಟುತನ. 0.014 ಇಂಚಿನ, ಅಂದರೆ ಸುಮಾರು 0.36 ಮಿಲಿಮೀಟರ್ ದಪ್ಪದ, ಕ್ಯಾತಿಟರ್‌ಗೆ ದಾರಿ ತೋರಿಸುವ ಮಾಮೂಲಿ ತಂತಿಗೆ (ಗೈಡ್‌ವೈರ್) ಆಪರೇಷನ್ ಥಿಯೇಟರಿನ ವಿದ್ಯುತ್ತಿನಿಂದ ಕತ್ತರಿಸುವ ಎಲೆಕ್ಟ್ರೋಸರ್ಜರಿ ಪೆನ್ಸಿಲ್ ಕಚ್ಚಿಸಿ, ಸುಮಾರು 30 ವ್ಯಾಟ್ ಕೊಟ್ಟು ಎಸಳಿನ ಬುಡ ಚುಚ್ಚುತ್ತಾರೆ. ಆಚೆ ಕಾಯುತ್ತಿರುವ ಕುಣಿಕೆ ತುದಿಯನ್ನು ಹಿಡಿದೆಳೆಯುತ್ತದೆ. ತಂತಿ ಈಗ ಎಸಳಿನ ಮೇಲೆ ತೊಟ್ಟಿಲ ಹಗ್ಗದಂತೆ ಎರಡೂ ಕಡೆ ಇಳಿಬಿದ್ದಿರುತ್ತದೆ. ನಡುವೆ ವೈದ್ಯರೇ ಕೈಯಿಂದ 'ವಿ' ಆಕಾರಕ್ಕೆ ಬಗ್ಗಿಸಿ, ಸ್ಕಾಲ್ಪೆಲ್‌ನಿಂದ ಬಾಗಿನ ಒಳಮೈಯ ಪ್ಲಾಸ್ಟಿಕ್ ಹೊದಿಕೆ ಕೆರೆದ ಜಾಗವಿದೆ. ಅದನ್ನು ಎಸಳಿಗೆ ಕೂರಿಸಿ, 70 ವ್ಯಾಟ್ ಕೊಟ್ಟು ಎಳೆದರೆ ಸೀಳು. ಕೈಯಿಂದ ಕೆರೆಯುವುದನ್ನು ಕಾರ್ಖಾನೆಯಿಂದಲೇ, ಪ್ರತಿ ತಂತಿಯಲ್ಲೂ ಒಂದೇ ಥರ ಮಾಡಿಕೊಡುವುದು ನಮ್ಮ ಕೆಲಸ. ಸುಲಭ ಅನ್ನಿಸಿತ್ತು.

ಮೊದಲ ತಪ್ಪು ನಿಟಿನಾಲ್, ನಿಕಲ್ ಮತ್ತು ಟೈಟಾನಿಯಂ ಸೇರಿದ ಮಿಶ್ರಲೋಹ. ಕ್ಯಾತಿಟರ್ ಲೋಕದವರಿಗೆ ಆ ಲೋಹದ ಮೇಲೆ ಒಂದು ಮೋಹವಿದೆ, ನನಗೂ ಇತ್ತು. ಬಗ್ಗಿಸಿದರೆ ಮತ್ತೆ ನೆಟ್ಟಗಾಗುವುದೇ ಅದರ ಗುಣ. ನಮಗೆ ಬೇಕಾದದ್ದು ಬಗ್ಗಿದಂತೆಯೇ ನಿಲ್ಲುವ ಮೊಣಕೈ. ಮೂರು ತಿಂಗಳ ಶಾಖಸಂಸ್ಕಾರದ ಕಸರತ್ತು ಬಿಟ್ಟು ಸ್ಟೇನ್‌ಲೆಸ್ ಸ್ಟೀಲ್‌ಗೆ ಮರಳಿದೆವು.

ಎರಡನೆಯದು ಲೇಸರ್. ತಂತಿಯನ್ನು ತಿರುಗಿಸುತ್ತಾ ಸುತ್ತಲೂ ಹೊದಿಕೆ ಸುಲಿಯುವುದು ಯಂತ್ರಕ್ಕೆ ಸಲೀಸು, ಹಾಗೇ ಮಾಡಿಸಿದೆ. ಹಂದಿಯ ವಾಲ್ವ್ ಮುಳುಗಿಸಿದ ಪರೀಕ್ಷೆಯ ತೊಟ್ಟಿಯಲ್ಲಿಟ್ಟು, ವಿದ್ಯುತ್ ಹರಿಸುವ ಪೆಡಲ್ ಒತ್ತಿದರೆ ಗುಳ್ಳೆ ಬಂತು, ಎಸಳು ಬೆಂದು ಬೆಳ್ಳಗಾಯಿತು, ಸೀಳಲಿಲ್ಲ. ತೆರೆದ ಲೋಹ ಹೆಚ್ಚಾದಷ್ಟೂ ವಿದ್ಯುತ್ ಚೆಲ್ಲಿಹೋಗುತ್ತದೆ. ಕತ್ತರಿಸಬೇಕಾದರೆ ಅದು ಒಂದು ಗೆರೆಯಲ್ಲಿ ಒತ್ತೊತ್ತಾಗಿ ಹರಿದು ಜೀವಕೋಶದ ನೀರನ್ನು ಕ್ಷಣದಲ್ಲಿ ಆವಿಯಾಗಿಸಬೇಕು. ಹಾಗಾಗಿ ಬಾಗಿನ ಒಳಮೈ ಮಾತ್ರ ಬೆತ್ತಲೆ, ಉಳಿದದ್ದೆಲ್ಲ ಮುಚ್ಚಿರಬೇಕು. ಅಂದಿನಿಂದ ನನ್ನ ಡ್ರಾಯಿಂಗ್‌ಗಳಲ್ಲಿ ಲೋಹಕ್ಕಿಂತ ಹೊದಿಕೆಯ ಅಳತೆಗಳೇ ಹೆಚ್ಚು.

ಸರಿಮಾಡಿದ ಮೇಲೂ ಅರೆಬರೆ ಸೀಳು. ಕಾರಣ ನೀರು. ತೊಟ್ಟಿಯಲ್ಲಿದ್ದದ್ದು ಸಲೈನ್, ಅಂದರೆ ಉಪ್ಪುನೀರು, ವಿದ್ಯುತ್ತಿಗೆ ರಾಜಮಾರ್ಗ. ವೈದ್ಯರು ಸೀಳುವ ಹೊತ್ತಿಗೆ ಕ್ಯಾತಿಟರ್‌ಗಳ ಮೂಲಕ 5% ಡೆಕ್ಸ್‌ಟ್ರೋಸ್ ಹರಿಸುವುದು ಅದಕ್ಕೇ. ಸಕ್ಕರೆ ನೀರಿನಲ್ಲಿ ಅಯಾನುಗಳಿಲ್ಲ. ತೊಟ್ಟಿಯ ತುಂಬ ಡೆಕ್ಸ್‌ಟ್ರೋಸ್ ಸುರಿದೆವು. ಬೆಣ್ಣೆಯಲ್ಲಿ ದಾರ ಎಳೆದಂತೆ ಸೀಳಿತು, ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದೆ. ಮರುದಿನ ಬಂದ ಹೃದ್ರೋಗ ತಜ್ಞರು ನೋಡಿ, 'ರೋಗಿಯ ರಕ್ತ ತೆಗೆದು ಸಕ್ಕರೆ ನೀರು ತುಂಬಿಸಬೇಕಾ?' ಎಂದರು.

ಮತ್ತೆ ಮೊದಲಿನಿಂದ. ರಕ್ತಕ್ಕಿಂತ ಸಲೈನ್‌ನಲ್ಲಿ ವಿದ್ಯುತ್ ಎರಡು ಪಟ್ಟಿಗೂ ಮಿಕ್ಕಿ ಸಲೀಸಾಗಿ ಹರಿಯುತ್ತದೆ, ಆದ್ದರಿಂದ ಅದನ್ನು ತೆಳು ಮಾಡಿ ರಕ್ತಕ್ಕೆ ಸಮನಾಗಿಸಿ, 37 ಡಿಗ್ರಿಗೆ ಬಿಸಿ ಮಾಡಿದೆವು. ಡೆಕ್ಸ್‌ಟ್ರೋಸ್ ಬರಬೇಕಾದದ್ದು ಕ್ಯಾತಿಟರ್ ಬಾಯಿಂದ ಮಾತ್ರ. ಬಾಯಿ 'ವಿ'ಯಿಂದ ತುಸು ದೂರವಾದರೂ ಹರಿವು ಕೊಚ್ಚಿಕೊಂಡು ಹೋಗುತ್ತಿತ್ತು; ತೀರಾ ಹತ್ತಿರವಾದರೆ ಕ್ಯಾತಿಟರ್ ತುದಿಯೇ ಸುಡುತ್ತಿತ್ತು. ನಡುವಿನ ಜಾಗ ಹುಡುಕುವುದರಲ್ಲೇ ಒಂದು ಮಳೆಗಾಲ ಕಳೆಯಿತು. ನೆಲಕ್ಕೆ ಚೆಲ್ಲಿದ ಡೆಕ್ಸ್‌ಟ್ರೋಸ್‌ಗೆ ಇರುವೆ ಸಾಲು ಸಾಲಾಗಿ ಬರುತ್ತಿತ್ತು, ಮೇಜಿನ ಕಾಲುಗಳ ಕೆಳಗೆ ನೀರಿನ ಬಟ್ಟಲಿಟ್ಟೆವು.

ಇಷ್ಟಾದ ಮೇಲೂ ಸೀಳು ಕೆಲವೊಮ್ಮೆ ಪಕ್ಕಕ್ಕೆ ಜಾರುತ್ತಿತ್ತು. ನಮ್ಮಮ್ಮ ಈಳಿಗೆಮಣೆಯಲ್ಲಿ ಹೆಚ್ಚುವುದನ್ನು ನೋಡುತ್ತಾ ಕೂತಿದ್ದಾಗ ಹೊಳೆಯಿತು: ಅಲಗು ಕದಲುವುದಿಲ್ಲ, ಬದನೆಕಾಯಿಯನ್ನು ಎರಡು ಕೈ ಹಿಡಿದಿರುತ್ತವೆ. ನಮ್ಮ ಎಸಳನ್ನು ಹಿಡಿಯುವವರಿಲ್ಲ. ಅದು ನಿಮಿಷಕ್ಕೆ ಎಪ್ಪತ್ತು ಸಲ ತೆರೆದು ಮುಚ್ಚುತ್ತಿರುತ್ತದೆ. ತಂತಿಯ ಎರಡು ತುದಿಗಳ ಬಿಗಿತವೇ ಆ ಎರಡು ಕೈ. ಅಲ್ಲಿಯವರೆಗೆ ನಮ್ಮ ಹಿಡಿಕೆ ತುದಿಗಳನ್ನು ಬೇರೆಬೇರೆಯಾಗಿ ಎಳೆಯುತ್ತಿತ್ತು. ಎರಡನ್ನೂ ಹಿಂದೆ ಮುಂದೆ ಜಾರುವ ಒಂದೇ ತುಂಡಿಗೆ ಬಿಗಿದೆವು: ಮೊದಲು ಬಿಗಿತ, ಆಮೇಲೆ ವಿದ್ಯುತ್, ಆಮೇಲೆ ಎಳೆತ. ಬಿಗಿತ ಸಾಲದಿದ್ದರೆ ಪೆಡಲ್ ಒತ್ತಿದರೂ ಕರೆಂಟ್ ಹೋಗದಂತೆ ಒಂದು ಸ್ವಿಚ್.

ಈ ನಡುವೆ ಇಸ್ರೇಲಿನ ಪೈ-ಕಾರ್ಡಿಯಾದವರ 'ಶಾರ್ಟ್‌ಕಟ್' ಉಪಕರಣಕ್ಕೆ 2024ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಸಿಕ್ಕಿತು. ಅವರದು ವಿದ್ಯುತ್ತಿಲ್ಲದೆ ಯಾಂತ್ರಿಕವಾಗಿ ಸೀಳುವ ದಾರಿ. ಸುದ್ದಿ ಓದಿದ ದಿನ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಆದರೂ ತೊಟ್ಟಿ ಇನ್ನೂ ಇದೆ, ಅಂಗಡಿಯವನು ಈಗ ಕೇಳದೆಯೇ ಶನಿವಾರ ಎರಡು ಹೃದಯ ಎತ್ತಿಡುತ್ತಾನೆ, ಚಾಕು ಹಾಕದೆ.