ಹೊಸ ಟ್ಯಾಂಕ್ ಕಟ್ಟದೆ ಮ್ಯಾನ್‌ಹೋಲ್ ಉಕ್ಕುವುದನ್ನು ತಗ್ಗಿಸಿದ್ದು: ನನ್ನ ಅನುಭವ

ಜೋರು ಮಳೆ ಬಂದರೆ ಸಾಕು, ನಮ್ಮ ಕೊಳಚೆ ಪಂಪ್‌ಹೌಸ್‌ಗೆ ಬರುವ ಲೈನಿನ ಮ್ಯಾನ್‌ಹೋಲ್‌ಗಳು ಉಕ್ಕುತ್ತಿದ್ದವು. ಹೆಚ್ಚಾದ ನೀರು ಹಿಡಿದಿಡಲು ಇನ್ನೊಂದು ದೊಡ್ಡ ಟ್ಯಾಂಕ್ ಕಟ್ಟದೆ ಆಗಲ್ಲ ಅಂತ ಎಲ್ಲರೂ ಹೇಳಿದರು. ಟ್ಯಾಂಕ್ ಕಟ್ಟಲಿಲ್ಲ. ಈ ಮಳೆಗಾಲ ಉಕ್ಕಿದ್ದು 2 ಸಲ. ಮೊದಲು 15ರ ಹತ್ತಿರ ಇತ್ತು.

ಪಂಪ್ ಆನ್, ಆಫ್ ಆಗುವ ಲೆವೆಲ್ ಅನ್ನು ವರ್ಷವಿಡೀ ಒಂದೇ ಇಡುವುದನ್ನು ಬಿಟ್ಟೆ, ಅಷ್ಟೇ. ಮಳೆಮಾಪಕ ಅಲುಗಾಡಿದ ಕೂಡಲೇ ಸಂಪ್‌ನ (ಪಂಪ್ ನೀರೆತ್ತುವ ಗುಂಡಿಯ) ನೀರು ಇಳಿಸಿ ಟ್ರಂಕ್ ಲೈನಿನಲ್ಲಿ, ಅಂದರೆ ದೊಡ್ಡ ಮುಖ್ಯ ಪೈಪಿನಲ್ಲಿ, ಜಾಗ ಮಾಡಿಕೊಳ್ಳುತ್ತೇನೆ. ಪ್ರತಿ ಮಳೆ ನಿಂತ ಮೇಲೆ ಸ್ಕಾಡಾದಲ್ಲಿ (ಪಂಪ್, ಲೆವೆಲ್ ತೋರಿಸುವ ಕಂಪ್ಯೂಟರ್ ವ್ಯವಸ್ಥೆಯಲ್ಲಿ) ಲೆವೆಲ್ ಗೆರೆಗಳನ್ನು ನೋಡಿ ಲೆವೆಲ್ ಸ್ವಲ್ಪ ತಿದ್ದುತ್ತೇನೆ. ಹೀಗೆ ತಿದ್ದಿದ್ದು 30 ಸಲಕ್ಕೂ ಜಾಸ್ತಿ.

ಮೊದಲ ವರ್ಷ ಪೂರ್ತಿ ಸೋತೆ. ನೀರಿನ ಲೆವೆಲ್ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ನೊರೆಯನ್ನೇ ನೀರು ಅಂತ ತೋರಿಸಿತು. ಪಂಪ್ ಒಣಗಿ ಓಡಿ ಸೀಲ್ ಸುಟ್ಟಿತು. ಆ ರಿಪೇರಿ ದುಡ್ಡಿಗೆ ಎರಡು ರಾಡಾರ್ ಸೆನ್ಸರ್ ಬರುತ್ತಿದ್ದವು. ಈಗ ರಾಡಾರ್ ಹಾಕಿದ್ದೇನೆ, ಆದರೆ ನೀರಿನ ಮೇಲೆ ತೇಲಿ ಪಂಪ್ ಆನ್, ಆಫ್ ಮಾಡಿಸುವ ಹಳೆಯ ಫ್ಲೋಟ್ ಸ್ವಿಚ್ ತೆಗೆದಿಲ್ಲ. ರಾಡಾರ್ ಸಿಗ್ನಲ್ ಹೋದರೆ ಪಿಎಲ್‌ಸಿ (ಪಂಪ್ ನಡೆಸುವ ಪುಟ್ಟ ಕಂಪ್ಯೂಟರ್) ತಾನೇ ಫ್ಲೋಟ್‌ ನೋಡಿಕೊಂಡು ಓಡಿಸುತ್ತದೆ. ದಯವಿಟ್ಟು ನೀವೂ ಅದನ್ನು ಕೀಳಬೇಡಿ.

ಎರಡನೇ ಪೆಟ್ಟು ಬಿದ್ದಿದ್ದು ಶುದ್ಧೀಕರಣ ಘಟಕದಲ್ಲಿ. ನಾನು ಇಲ್ಲಿಂದ ಜೋರಾಗಿ ತಳ್ಳಿದೆ, ಅಲ್ಲಿ ಕ್ಲಾರಿಫೈಯರ್‌ನಲ್ಲಿ (ಕೆಸರು ತಳಕ್ಕಿಳಿಸುವ ತೊಟ್ಟಿಯಲ್ಲಿ) ಸ್ಲಡ್ಜ್, ಅಂದರೆ ಕೊಳೆ ತಿನ್ನುವ ಸೂಕ್ಷ್ಮಜೀವಿಗಳ ಕೆಸರು, ಎದ್ದು ಹೊರಗೆ ಹೋಯಿತು. ಅಲ್ಲಿನವರು ಸಿಟ್ಟಾದರು, ಸರಿಯಾಗಿಯೇ ಸಿಟ್ಟಾದರು. ಆಮೇಲೆ ಜೊತೆಗೆ ಕೂತು ದಾರಿ ಹುಡುಕಿದೆವು. ಮಳೆ ಹೊತ್ತಿನಲ್ಲಿ ಒಳಬರುವ ನೀರನ್ನು ಕ್ಲಾರಿಫೈಯರ್‌ಗೆ ಮೊದಲಿನ, ಗಾಳಿ ಊದುವ ಏರೇಶನ್ ಟ್ಯಾಂಕಿನ ಕೊನೆಯ ಭಾಗಕ್ಕೆ ಬಿಟ್ಟೆವು. ಸ್ಲಡ್ಜ್ ಮೊದಲ ಭಾಗಗಳಲ್ಲೇ ಉಳಿಯಿತು, ಕ್ಲಾರಿಫೈಯರ್ ಹೊರೆ ಇಳಿಯಿತು. ಗೇಟ್ ಯಾವಾಗ ತಿರುಗಿಸಬೇಕು, ಯಾವಾಗ ವಾಪಸ್ ತರಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಎರಡು ಮಳೆಗಾಲ ನಿದ್ದೆಗೆಟ್ಟಿದ್ದೇವೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಕರೆಂಟ್ ದುಬಾರಿ ಇರುವ ಹೊತ್ತಿನಲ್ಲಿ ಕೊಳಚೆಯನ್ನು ಲೈನಿನಲ್ಲೇ ತಡೆದು ನೋಡಿದೆ. ಬಿಲ್ ಸ್ವಲ್ಪ ಇಳಿಯಿತು. ಆದರೆ ಹೂಳು ಕೂತಿತು, ಕೊಳೆತ ಮೊಟ್ಟೆ ವಾಸನೆ ಬಂತು. ಆ ಗ್ಯಾಸ್ ಕಾಂಕ್ರೀಟನ್ನೂ ತಿನ್ನುತ್ತದೆ, ಲೈನಿಗೆ ಇಳಿದವರ ಜೀವವನ್ನೂ ತೆಗೆಯುತ್ತದೆ. ನಾಲ್ಕೇ ವಾರಕ್ಕೆ ನಿಲ್ಲಿಸಿದೆ. ಈಗ ಬೆಳಗಿನ ಜಾವ ಅರ್ಧ ಗಂಟೆ ಮಾತ್ರ ತಡೆದು, ಎಲ್ಲ ಪಂಪ್ ಒಟ್ಟಿಗೆ ಬಿಡುತ್ತೇನೆ. ನೀರು ರಭಸವಾಗಿ ಹೋಗಿ ಲೈನ್ ತೊಳೆಯುತ್ತದೆ.

ಸೀಲ್ ಸುಟ್ಟಿದ್ದನ್ನೂ ಸೇರಿಸಿದರೆ ಒಟ್ಟು ಖರ್ಚು ಟ್ಯಾಂಕಿನ ಅಂದಾಜಿನ 20ರಲ್ಲಿ ಒಂದು ಪಾಲು ಆಗಿರಬೇಕು.

ಈ ವರ್ಷ ಎರಡು ಸಲವೂ ಉಕ್ಕಿದ್ದು ಒಂದೇ ಮ್ಯಾನ್‌ಹೋಲ್. ಕ್ಯಾಮೆರಾ ಬಿಟ್ಟು ನೋಡಿದೆವು, ಪೈಪಿನೊಳಗೆ ಮರದ ಬೇರು ಇಳಿದಿದೆ. ಅಲ್ಲಿ ಲೆವೆಲ್ ತಿದ್ದಿ ಏನೂ ಆಗಲ್ಲ. ಮುಂದಿನ ಮಳೆಗೆ ಮೊದಲು ಬೇರು ಕತ್ತರಿಸಬೇಕು.