ಸಂಶೋಧಕರ ಸಾಧನೆಯನ್ನು ಸರಿಯಾಗಿ ಪರಿಚಯಿಸುವುದು ಹೇಗೆ

ಭೌತವಿಜ್ಞಾನದಲ್ಲಿ ಅಥವಾ ಎಂಜಿನಿಯರಿಂಗ್‌ನಲ್ಲಿ ಹೆಸರು ಮಾಡಿದ ಪ್ರಾಧ್ಯಾಪಕರೊಬ್ಬರು ಮಡಿಕೇರಿಯ ಅಥವಾ ಪೊನ್ನಂಪೇಟೆಯ ಕಾಲೇಜಿಗೆ ಅತಿಥಿಯಾಗಿ ಬರುವಾಗ, ಇಲ್ಲವೇ ಜಿಲ್ಲೆಯಲ್ಲೇ ಹುಟ್ಟಿ ಬೆಳೆದ ಸಂಶೋಧಕರಿಗೆ ಕೊಡವ ಸಮಾಜದಲ್ಲೋ ಗೌಡ ಸಮಾಜದಲ್ಲೋ ಸನ್ಮಾನ ನಡೆಯುವಾಗ, ಅವರ ಪರಿಚಯವನ್ನು ಬರೆದುಕೊಡುವ ಹೊಣೆ ಸಾಮಾನ್ಯವಾಗಿ ವಿಜ್ಞಾನದ ಉಪನ್ಯಾಸಕರೊಬ್ಬರ ಮೇಲೋ ಸ್ಥಳೀಯ ವರದಿಗಾರರ ಮೇಲೋ ಬೀಳುತ್ತದೆ. ಹೀಗೆ ಬರೆದ ಬಹುಪಾಲು ಪರಿಚಯಗಳಲ್ಲಿ ಪದವಿ, ಪ್ರಶಸ್ತಿ, ಪ್ರಬಂಧಗಳ ಸಂಖ್ಯೆ, ವಿದೇಶ ಪ್ರವಾಸ ಎಲ್ಲವೂ ಇರುತ್ತವೆ; ಆ ವ್ಯಕ್ತಿ ಕಂಡುಹಿಡಿದದ್ದೇನು ಎಂಬುದು ಮಾತ್ರ ಇರುವುದಿಲ್ಲ. ಸಭೆಯಲ್ಲಿ ಕುಳಿತಿದ್ದ ಪಿಯುಸಿ ವಿದ್ಯಾರ್ಥಿನಿಯನ್ನು ಸಂಜೆ ಮನೆಯಲ್ಲಿ ‘ಬಂದವರು ಏನು ಕೆಲಸ ಮಾಡಿದ್ದಾರೆ’ ಎಂದು ಕೇಳಿದರೆ, ಆಕೆ ಒಂದೆರಡು ವಾಕ್ಯಗಳಲ್ಲಿ ಸರಿಯಾಗಿ ಹೇಳುವಂತಿರಬೇಕು. ಅಂಥ ಪರಿಚಯವನ್ನು ಸಿದ್ಧಪಡಿಸುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಕಾರ್ಯಕ್ರಮಕ್ಕೆ ಎರಡು ವಾರವಾದರೂ ಮೊದಲೇ ಕೆಲಸ ಆರಂಭಿಸಬೇಕು. ಬಯೋಡೇಟಾ ತರಿಸಿಕೊಳ್ಳುವುದು ಸರಿ, ಆದರೆ ಅದನ್ನು ಮುಂದಿಟ್ಟುಕೊಂಡು ಬರೆಯಲು ಕೂರಬಾರದು. ಮೊದಲು ದೂರವಾಣಿಯಲ್ಲಿ ಮಾತನಾಡಿ, ‘ನಿಮ್ಮ ಕೆಲಸಗಳಲ್ಲಿ ನೀವು ಅತ್ಯಂತ ಮುಖ್ಯವೆಂದು ಭಾವಿಸುವುದು ಯಾವುದು, ಅದಕ್ಕೆ ಮೊದಲು ಆ ವಿಷಯದಲ್ಲಿ ತಿಳಿಯದೇ ಇದ್ದದ್ದೇನು, ನಿಮ್ಮ ಕೆಲಸದಿಂದ ತಿಳಿದದ್ದೇನು’ ಎಂದು ಕೇಳಬೇಕು. ಬಹಳಷ್ಟು ಪ್ರಾಧ್ಯಾಪಕರು ಇಂಥ ಪ್ರಶ್ನೆಗೆ ಸಂತೋಷದಿಂದ, ವಿವರವಾಗಿ ಉತ್ತರಿಸುತ್ತಾರೆ. ಅವರು ಆರಿಸಿದ ಒಂದೇ ಕೆಲಸದ ಸುತ್ತ ಪರಿಚಯದ ಅರ್ಧ ಭಾಗವನ್ನಾದರೂ ಕಟ್ಟಬೇಕು.

ಇದನ್ನು ಮಾಡುವ ಬಗೆಯನ್ನು ನಮ್ಮ ಜಿಲ್ಲೆಗೆ ಹತ್ತಿರದ ಉದಾಹರಣೆಯೊಂದರಿಂದ ನೋಡೋಣ. ಅತಿಥಿಗಳು ಮಣ್ಣಿನ ಎಂಜಿನಿಯರಿಂಗ್ ಓದಿದವರು, ಅವರ ಮುಖ್ಯ ಪ್ರಬಂಧದ ಶೀರ್ಷಿಕೆ ‘ಮಳೆಯಿಂದ ತೋಯ್ದ ಇಳಿಜಾರುಗಳಲ್ಲಿ ರಂಧ್ರಜಲದ ಒತ್ತಡದ ಬದಲಾವಣೆ’ ಎಂಬಂತೆ ಇದೆ ಎಂದುಕೊಳ್ಳಿ. ಈ ಶೀರ್ಷಿಕೆಯನ್ನು ವೇದಿಕೆಯಲ್ಲಿ ಹಾಗೆಯೇ ಓದಿದರೆ ಯಾರ ಕಿವಿಗೂ ಏನೂ ಬೀಳುವುದಿಲ್ಲ. ಬದಲಿಗೆ ಹೀಗೆ ಬರೆಯಬಹುದು: ‘ಇಳಿಜಾರಿನ ಮಣ್ಣು ಜಾರದಂತೆ ತಡೆಯುವುದು ಮುಖ್ಯವಾಗಿ ಅದರ ಕಣಗಳ ನಡುವಿನ ಘರ್ಷಣೆ. ಮಳೆಯ ನೀರು ಇಂಗಿ ಕಣಗಳ ನಡುವಿನ ಸಂದುಗಳನ್ನು ತುಂಬಿದಾಗ ಆ ನೀರಿನ ಒತ್ತಡ ಏರುತ್ತದೆ, ಕಣಗಳು ಒಂದನ್ನೊಂದು ಒತ್ತಿ ಹಿಡಿಯುವ ಬಲ ಕುಗ್ಗುತ್ತದೆ, ಕೊನೆಗೆ ಮಣ್ಣು ತನ್ನ ಭಾರವನ್ನೇ ತಡೆಯಲಾರದೆ ಕುಸಿಯುತ್ತದೆ. ಎಷ್ಟು ಮಳೆಗೆ ಈ ಒತ್ತಡ ಎಷ್ಟು ಏರುತ್ತದೆ ಎಂಬುದನ್ನು ನಮ್ಮ ಅತಿಥಿಗಳು ಬೆಟ್ಟದಲ್ಲೇ ಉಪಕರಣಗಳನ್ನು ಹೂತು ಅಳೆದಿದ್ದಾರೆ.’ 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಬೆಟ್ಟಗಳು ಕುಸಿದದ್ದನ್ನು ಕಂಡ ಸಭಿಕರಿಗೆ ಈ ಮೂರು ವಾಕ್ಯಗಳ ಬೆಲೆಯನ್ನು ಪ್ರತ್ಯೇಕವಾಗಿ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಒಂದು ಎಚ್ಚರ ಅಗತ್ಯ. ಒತ್ತಡವನ್ನು ಅಳೆದವರನ್ನು ‘ಭೂಕುಸಿತ ತಡೆಯುವ ತಂತ್ರಜ್ಞಾನ ಕಂಡುಹಿಡಿದವರು’ ಎಂದು ಬರೆಯಬಾರದು. ಅಳೆಯುವುದು, ಮುನ್ಸೂಚನೆ ಕೊಡುವುದು, ತಡೆಯುವುದು ಇವು ಮೂರೂ ಬೇರೆ ಬೇರೆ ಕೆಲಸಗಳು. ನೊಂದ ಊರಿನಲ್ಲಿ ಇಲ್ಲದ ಭರವಸೆಯನ್ನು ಹುಟ್ಟಿಸುವುದು ಅನ್ಯಾಯ.

ಸಾಧನೆಯಲ್ಲಿ ಯಾರ ಪಾಲು ಎಷ್ಟು ಎಂಬುದನ್ನೂ ನಿಖರವಾಗಿ ಬರೆಯಬೇಕು. ಸಿ.ವಿ. ರಾಮನ್ ಅವರ ವಿಷಯವನ್ನೇ ನೋಡಿ. ಅವರು ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದಾಗ, 1928ರ ಫೆಬ್ರವರಿ 28ರಂದು, ಒಂದೇ ಬಣ್ಣದ ಬೆಳಕು ದ್ರವದ ಅಣುಗಳಿಂದ ಚದುರಿದಾಗ ಅದರ ಅತಿ ಸಣ್ಣ ಅಂಶವು ಬೇರೆ ತರಂಗಾಂತರದಲ್ಲಿ ಹೊರಬರುವುದನ್ನು ಖಚಿತವಾಗಿ ಗುರುತಿಸಿದರು. ಆ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಮೊದಲ ಟಿಪ್ಪಣಿಯಲ್ಲಿ ರಾಮನ್ ಅವರ ಜೊತೆಗೆ ಕೆ.ಎಸ್. ಕೃಷ್ಣನ್ ಅವರ ಹೆಸರೂ ಇದೆ. 1930ರ ನೊಬೆಲ್ ಪ್ರಶಸ್ತಿ ಬಂದದ್ದು ರಾಮನ್ ಒಬ್ಬರಿಗೆ. ಈ ಎರಡೂ ನಿಜ, ಎರಡನ್ನೂ ಬರೆದರೆ ಮಾತ್ರ ಚಿತ್ರ ಪೂರ್ಣವಾಗುತ್ತದೆ. ನಿಮ್ಮ ಅತಿಥಿಗಳ ಪ್ರಬಂಧದಲ್ಲೂ ಸಹಲೇಖಕರು ಇದ್ದೇ ಇರುತ್ತಾರೆ. ಎಂಜಿನಿಯರಿಂಗ್‌ನ ಹಲವು ವಿಭಾಗಗಳಲ್ಲಿ ಪ್ರಯೋಗ ಮಾಡಿದ ಸಂಶೋಧನಾ ವಿದ್ಯಾರ್ಥಿಯ ಹೆಸರು ಮೊದಲು, ಮಾರ್ಗದರ್ಶಕರ ಹೆಸರು ಕೊನೆಗೆ ಬರುವ ರೂಢಿಯಿದೆ. ಕಣ ಭೌತವಿಜ್ಞಾನದ ದೊಡ್ಡ ಪ್ರಯೋಗಗಳಲ್ಲಿ ಹೆಸರುಗಳು ಅಕ್ಷರಾನುಕ್ರಮದಲ್ಲಿ ಬರುತ್ತವೆ. ಹಿಗ್ಸ್ ಕಣದ ದ್ರವ್ಯರಾಶಿಯನ್ನು ಕುರಿತು 2015ರಲ್ಲಿ ಪ್ರಕಟವಾದ ಪ್ರಬಂಧಕ್ಕೆ 5,154 ಲೇಖಕರಿದ್ದರು. ಅವರಲ್ಲೊಬ್ಬರನ್ನು ‘ಹಿಗ್ಸ್ ಕಣ ಕಂಡುಹಿಡಿದ ವಿಜ್ಞಾನಿ’ ಎಂದು ಕರೆಯುವುದು ಸಲ್ಲದು; ಕಣಗಳನ್ನು ಗುರುತಿಸುವ ಯಂತ್ರದ ಯಾವ ಭಾಗವನ್ನು ಅವರು ಕಟ್ಟಿದರು, ಯಾವ ದತ್ತಾಂಶವನ್ನು ವಿಶ್ಲೇಷಿಸಿದರು ಎಂದು ಕೇಳಿ ಬರೆಯುವುದೇ ಅವರಿಗೆ ಸಲ್ಲುವ ಗೌರವ.

ಹೆಸರಿನ ವಿಷಯದಲ್ಲಿ ತಪ್ಪಾಗುವುದು ನಾವೆಣಿಸುವುದಕ್ಕಿಂತ ಸುಲಭ. ಎಸ್. ಚಂದ್ರಶೇಖರ್ ಎಂಬ ಹೆಸರಿನ ಇಬ್ಬರು ಭೌತವಿಜ್ಞಾನಿಗಳಿದ್ದರು, ಇಬ್ಬರೂ ರಾಮನ್ ಅವರಿಗೆ ಹತ್ತಿರದ ಸಂಬಂಧಿಗಳು: ಒಬ್ಬರು ಅವರ ಅಣ್ಣನ ಮಗ, ಇನ್ನೊಬ್ಬರು ತಂಗಿಯ ಮಗ. ಶಿಕಾಗೊ ವಿಶ್ವವಿದ್ಯಾಲಯದ ಸುಬ್ರಹ್ಮಣ್ಯನ್ ಚಂದ್ರಶೇಖರ್ ನಕ್ಷತ್ರಗಳ ಅಧ್ಯಯನಕ್ಕಾಗಿ 1983ರಲ್ಲಿ ನೊಬೆಲ್ ಪಡೆದರು. ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗವನ್ನು ಕಟ್ಟಿ, ಅನಂತರ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಶಿವರಾಮಕೃಷ್ಣ ಚಂದ್ರಶೇಖರ್ ಅದೇ 1983ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ತಟ್ಟೆಯಾಕಾರದ ಅಣುಗಳಿಂದಲೂ ದ್ರವಸ್ಫಟಿಕಗಳು (ದ್ರವದಂತೆ ಹರಿದರೂ ಅಣುಗಳಲ್ಲಿ ಸ್ಫಟಿಕದಂಥ ಕ್ರಮವಿರುವ ವಸ್ತುಗಳು) ಉಂಟಾಗುತ್ತವೆ ಎಂದು ಅವರೂ ಅವರ ಇಬ್ಬರು ಸಹೋದ್ಯೋಗಿಗಳೂ 1977ರಲ್ಲಿ ತೋರಿಸಿದರು. ಅಂತರ್ಜಾಲದಲ್ಲಿ ಬರಿಯ ಇನಿಶಿಯಲ್ ನೋಡಿ ಬರೆಯುವವರು ಒಬ್ಬರ ಪ್ರಶಸ್ತಿಯನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ಹೀಗೆಯೇ.

ಕೊಡಗಿನವರ ಹೆಸರುಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ಊರಿನಲ್ಲಿ ಮನೆಹೆಸರು ಮೊದಲು ಬರುತ್ತದೆ, ಪ್ರಬಂಧದಲ್ಲಿ ಅದು ಒಂದೇ ಅಕ್ಷರವಾಗಿ ಕುಗ್ಗಿರಬಹುದು ಅಥವಾ ಕೊನೆಯಲ್ಲಿ ಬಂದಿರಬಹುದು. ಕಾರ್ಯಪ್ಪ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಕೆಲವರು ‘ಸಿ’ಯಿಂದಲೂ ಕೆಲವರು ‘ಕೆ’ಯಿಂದಲೂ ಬರೆಯುತ್ತಾರೆ. ಮಹಿಳೆಯರ ವಿಷಯದಲ್ಲಂತೂ ವಿಶೇಷ ಗಮನ ಬೇಕು: ಮದುವೆಗೆ ಮೊದಲು ತಾಮನೆಯ (ತವರುಮನೆಯ) ಹೆಸರಿನಲ್ಲಿ ಪ್ರಕಟಿಸಿದ ಪ್ರಬಂಧಗಳು, ಪಿಎಚ್‌ಡಿ ಮಹಾಪ್ರಬಂಧವೂ ಸೇರಿದಂತೆ, ಹುಡುಕಾಟದಲ್ಲಿ ಸಿಗದೇ ಹೋಗಿ, ಅವರ ವೃತ್ತಿಜೀವನದ ಮೊದಲ ಹಲವು ವರ್ಷಗಳು ಪರಿಚಯದಿಂದಲೇ ಮಾಯವಾಗುತ್ತವೆ. ಆದ್ದರಿಂದ ಯಾವ ಯಾವ ಹೆಸರಿನಲ್ಲಿ ಪ್ರಕಟಿಸಿದ್ದೀರಿ ಎಂದು ನೇರವಾಗಿ ಕೇಳಬೇಕು, ಆರ್ಕಿಡ್ (ORCID) ಸಂಖ್ಯೆಯಿದ್ದರೆ ಪಡೆದುಕೊಳ್ಳಬೇಕು. 16 ಅಂಕಿಗಳ ಈ ಗುರುತು, ಹೆಸರು ಹೇಗೇ ಬದಲಾದರೂ, ಒಬ್ಬ ವ್ಯಕ್ತಿಯ ಕೆಲಸಗಳನ್ನು ಒಂದೆಡೆ ಜೋಡಿಸುತ್ತದೆ. ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಮಹಾಪ್ರಬಂಧಗಳಿಗೆ ಶೋಧಗಂಗಾ ಎಂಬ ಅಂತರ್ಜಾಲ ಸಂಗ್ರಹವನ್ನು ನೋಡಬಹುದು. ಮಾರ್ಗದರ್ಶಕರ ಹೆಸರೂ ಅಲ್ಲಿ ಸಿಗುತ್ತದೆ.

ಇನ್ನು ಅಂಕಿಗಳು. ‘ಎಚ್-ಇಂಡೆಕ್ಸ್ 20’ ಎಂದರೆ, ಅವರ 20 ಪ್ರಬಂಧಗಳನ್ನು ಪ್ರತಿಯೊಂದನ್ನೂ ಕನಿಷ್ಠ 20 ಬಾರಿ ಇತರ ಪ್ರಬಂಧಗಳು ಉಲ್ಲೇಖಿಸಿವೆ ಎಂದರ್ಥ. 2005ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ಸೂಚಿಸಿದ ಈ ಅಳತೆ ವಿಷಯದಿಂದ ವಿಷಯಕ್ಕೆ, ವಯಸ್ಸಿನಿಂದ ವಯಸ್ಸಿಗೆ ಬಹಳ ವ್ಯತ್ಯಾಸವಾಗುವುದರಿಂದ, ಸಿವಿಲ್ ಎಂಜಿನಿಯರ್ ಒಬ್ಬರನ್ನು ಕಣ ಭೌತವಿಜ್ಞಾನಿಯೊಬ್ಬರ ಜೊತೆ ಇದರಿಂದ ಹೋಲಿಸಲಾಗದು. ಸಾರ್ವಜನಿಕ ಸಭೆಯ ಪರಿಚಯದಲ್ಲಿ ಇದನ್ನು ಬಿಟ್ಟುಬಿಡುವುದೇ ಮೇಲೆಂದು ನನ್ನ ಅಭಿಪ್ರಾಯ. ‘ವಿಶ್ವದ ಅಗ್ರ ಶೇ. 2 ವಿಜ್ಞಾನಿಗಳ ಪಟ್ಟಿ’ಯನ್ನು ಉಲ್ಲೇಖಿಸಲೇಬೇಕೆಂದಿದ್ದರೆ, ಅದು ಉಲ್ಲೇಖಗಳ ಎಣಿಕೆಯಿಂದ ತಯಾರಾದ ಪಟ್ಟಿ, ಪ್ರಶಸ್ತಿಯಲ್ಲ ಎಂಬುದು ನೆನಪಿರಲಿ. ಇಡೀ ವೃತ್ತಿಜೀವನದ ಪಟ್ಟಿಯೋ ಒಂದೇ ವರ್ಷದ ಪಟ್ಟಿಯೋ ಎಂಬುದನ್ನೂ ಬರೆಯಬೇಕು.

ಪ್ರಶಸ್ತಿ ಮತ್ತು ಗೌರವಗಳಲ್ಲಿ ಆಯ್ಕೆಯಾಗಿ ಬಂದದ್ದನ್ನೂ ಶುಲ್ಕ ಕಟ್ಟಿ ಪಡೆದ ಸದಸ್ಯತ್ವವನ್ನೂ ಬೇರ್ಪಡಿಸಬೇಕು. ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಇಇಇಯ ಸದಸ್ಯರಾಗುವುದಕ್ಕೂ ಅದರ ಫೆಲೋ ಆಗುವುದಕ್ಕೂ ಅಜಗಜಾಂತರ: ಮತದಾನದ ಹಕ್ಕುಳ್ಳ ಸದಸ್ಯರಲ್ಲಿ ಶೇ. 0.1ಕ್ಕಿಂತ ಹೆಚ್ಚು ಮಂದಿಯನ್ನು ಒಂದು ವರ್ಷದಲ್ಲಿ ಫೆಲೋಗಳಾಗಿ ಆರಿಸುವಂತಿಲ್ಲ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಫೆಲೋಶಿಪ್ ಚುನಾಯಿತ ಗೌರವ. ಪಿಎಚ್‌ಡಿ ವಿದ್ಯಾರ್ಥಿಗೆ ಸಿಗುವ ಮಾಸಿಕ ಫೆಲೋಶಿಪ್ ಹಣಕಾಸಿನ ನೆರವು. ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿಯನ್ನು ಹಲವು ದಶಕಗಳ ಕಾಲ 45 ವರ್ಷದೊಳಗಿನ ವಿಜ್ಞಾನಿಗಳಿಗೆ ಕೊಡುತ್ತಿದ್ದರು, 2024ರಿಂದ ಅದು ರಾಷ್ಟ್ರೀಯ ವಿಜ್ಞಾನ ಪುರಸ್ಕಾರದ ‘ವಿಜ್ಞಾನ ಯುವ’ ವಿಭಾಗವಾಗಿದೆ. ಹೀಗಾಗಿ ಪ್ರಶಸ್ತಿಯ ಹೆಸರಿನ ಜೊತೆಗೆ ವರ್ಷ, ವಿಭಾಗ, ಯಾವ ಕೆಲಸಕ್ಕೆ ಬಂತು ಎಂಬ ಮೂರೂ ಇರಬೇಕು. ಪೇಟೆಂಟ್‌ನಲ್ಲೂ ಇದೇ ಎಚ್ಚರಿಕೆ: ಅರ್ಜಿ ಸಲ್ಲಿಸಿದ್ದು, 18 ತಿಂಗಳ ಅನಂತರ ಅದು ಪ್ರಕಟವಾಗುವುದು, ಪರಿಶೀಲನೆಯ ಬಳಿಕ ಮಂಜೂರಾಗುವುದು ಬೇರೆ ಬೇರೆ ಹಂತಗಳು. ಪ್ರಕಟವಾದ ಅರ್ಜಿಯನ್ನೇ ‘ಪೇಟೆಂಟ್ ಪಡೆದಿದ್ದಾರೆ’ ಎಂದು ಬರೆಯುವ ಅಭ್ಯಾಸವನ್ನು ಬಿಡಲೇಬೇಕು.

ಪ್ರಬಂಧಗಳ ಪಟ್ಟಿಗೆ ಸಿಗದ ಸಾಧನೆಗೂ ಜಾಗ ಕೊಡಿ. ಸತೀಶ್ ಧವನ್ ಗಾಳಿಯ ಹರಿವನ್ನು ಕುರಿತು ಉತ್ತಮ ಸಂಶೋಧನೆ ಮಾಡಿದವರು. ಆದರೆ 1962ರಿಂದ 1981ರವರೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ, 1972ರಿಂದ ಇಸ್ರೊ ಅಧ್ಯಕ್ಷರಾಗಿ ಅವರು ಕಟ್ಟಿದ ಸಂಸ್ಥೆಗಳನ್ನೂ ಬೆಳೆಸಿದ ಜನರನ್ನೂ ಬಿಟ್ಟು ಅವರ ಪರಿಚಯ ಬರೆಯಲು ಸಾಧ್ಯವೇ? ಅತಿಥಿಗಳು ಪ್ರಯೋಗಾಲಯ ಕಟ್ಟಿದ್ದರೆ, ಹೊಸ ಕೋರ್ಸ್ ಆರಂಭಿಸಿದ್ದರೆ, ಅವರ ವಿದ್ಯಾರ್ಥಿಗಳು ಒಳ್ಳೆಯ ಕೆಲಸ ಮಾಡುತ್ತಿದ್ದರೆ ಬರೆಯಿರಿ; ಹಳೆಯ ವಿದ್ಯಾರ್ಥಿಯೊಬ್ಬರೊಡನೆ ಐದು ನಿಮಿಷ ಮಾತನಾಡಿದರೆ ಬಯೋಡೇಟಾದಲ್ಲಿ ಸಿಗದ ಸಂಗತಿಗಳು ತಿಳಿಯುತ್ತವೆ.

ವೇದಿಕೆಯ ಪರಿಚಯ ನಾಲ್ಕು ನಿಮಿಷ ಮೀರದಿರಲಿ. ಪತ್ರಿಕೆಗೆ ಬರೆಯುವಾಗ ಹುಟ್ಟೂರು, ಓದಿದ ಶಾಲೆಯ ವಿವರಗಳನ್ನು ಧಾರಾಳವಾಗಿ ಸೇರಿಸಬಹುದು, ಓದುಗರು ಅದನ್ನು ಬಯಸುತ್ತಾರೆ. ಆದರೆ ‘ವಿಶ್ವವಿಖ್ಯಾತ’, ‘ಪ್ರಪ್ರಥಮ’ ಎಂಬ ಮಾತುಗಳಿಗೆ ಆಧಾರವಿಲ್ಲದಿದ್ದರೆ ತೆಗೆದುಹಾಕಬೇಕು. ಕರಡು ಸಿದ್ಧವಾದ ಬಳಿಕ ಅದನ್ನು ಅತಿಥಿಗಳಿಗೇ ಕಳುಹಿಸಿ, ಹೊಗಳಿಕೆಯನ್ನು ಬದಿಗಿಟ್ಟು, ಇಸವಿ, ಹೆಸರು, ಸಂಖ್ಯೆ ಮತ್ತು ವಿಜ್ಞಾನದ ವಿವರಣೆಯನ್ನು ಮಾತ್ರ ಪರಿಶೀಲಿಸಿಕೊಡುವಂತೆ ವಿನಂತಿಸಬೇಕು. ಅವರು ತಿದ್ದಿದ ಪ್ರತಿಯೇ ಆಮಂತ್ರಣ ಪತ್ರಿಕೆಗೂ ಅಭಿನಂದನಾ ಪತ್ರಕ್ಕೂ ವರದಿಗೂ ಮೂಲವಾಗಲಿ. ಪ್ರಬಂಧಗಳ ವಿವರ ಸಹಿತ ಒಂದು ಪ್ರತಿಯನ್ನು ಕಾಲೇಜಿನ ಗ್ರಂಥಾಲಯಕ್ಕೂ ಕೊಟ್ಟರೆ, ಅದೇ ವಿಷಯವನ್ನು ಮುಂದೆ ಓದಬಯಸುವ ವಿದ್ಯಾರ್ಥಿಗೆ ಎಲ್ಲಿಂದ ಆರಂಭಿಸಬೇಕೆಂಬುದು ತಿಳಿಯುತ್ತದೆ.